ಪೆಟ್ಟೆಣಿಸುವ ಹೆಲ್ಮೆಟ್ಟು

ರಗಳೆಯೆಲ್ಲ ಶುರುವಾದದ್ದು ಹೆಲ್ಮೆಟ್ಟಿನೊಳಗೆ ಅಂಟಿಸಿದ ಅಂಗಿಗುಂಡಿಯಷ್ಟು ಯಂತ್ರದಿಂದ. ತಲೆಗೆ ಬಿದ್ದ ಪ್ರತಿ ಪೆಟ್ಟನ್ನೂ ಅದು ತಂಡದ ಡಾಕ್ಟರ್ ರೆನಾಟಾ ಅವರ ಟ್ಯಾಬಿಗೆ ಚಾಡಿ ಹೇಳುತ್ತಿತ್ತು.

ಲೈಲ್ ಹೋಸ್ಟೆಟ್ಲರ್ ಅಮೆರಿಕದ ಓಹಾಯೋದ ಒಂದು ಪುಟ್ಟ ಕಾಲೇಜಿನಲ್ಲಿ, ಹೆಲ್ಮೆಟ್ಟು ತೊಟ್ಟು ಡಿಕ್ಕಿ ಹೊಡೆದಾಡುವ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ನಾಲ್ಕು ವರ್ಷ ಬರೀ ಬೆಂಚು ಬಿಸಿ ಮಾಡಿದವನು. "ಕೊನೇ ಪಂದ್ಯ, ಐದು ನಿಮಿಷನಾದ್ರೂ ಇಳಿಸ್ತೀನಿ ಕಣೋ" ಎಂದು ಕೋಚ್ ಸ್ಟ್ರಿಕ್ಲರ್ ಮಾತು ಕೊಟ್ಟಿದ್ದರು. ಅದನ್ನು ನೋಡಲು ಲೈಲನ ತಾಯಿ ಎರಡು ವ್ಯಾನು ತುಂಬ ನೆಂಟರನ್ನು ಕರೆತಂದಿದ್ದರು.

ಸುದ್ದಿ ತಿಳಿದ ತಂಡಕ್ಕೆ ಖುಷಿಯೋ ಖುಷಿ. ಅಲ್ಲಿ ಖುಷಿಯಾದರೆ ಬೆನ್ನು ತಟ್ಟುವುದಿಲ್ಲ, ಹೆಲ್ಮೆಟ್ಟಿಗೇ ಬಾರಿಸುತ್ತಾರೆ. ಲೈಲನ ತಲೆಗೆ ಮೊದಲು ಕ್ಯಾಪ್ಟನ್ ವಿಟ್ಲೋ ಬಾರಿಸಿದ, ಹಿಂದೆಯೇ ಐವತ್ತು ಜನ. ಟ್ಯಾಬು ಅರಚಿಕೊಂಡಿತು.

"ಆಟ ಶುರುವಾಗೋಕೆ ಮುಂಚೇನೇ ಇಷ್ಟು ಪೆಟ್ಟಾ?" ಡಾಕ್ಟರು ಓಡಿ ಬಂದರು.

"ಪ್ರೀತಿಗೆ ಹೊಡೆದದ್ದು ಮೇಡಂ," ಎಂದ ಲೈಲ್.

"ಪ್ರೀತಿದೋ ದ್ವೇಷದ್ದೋ ಮಿದುಳಿಗೇನಪ್ಪ ಗೊತ್ತು? ಪಂದ್ಯಗಳು ಶುರುವಾಗೋ ಮುಂಚೆ ಆಗಸ್ಟಲ್ಲಿ ಮಾಡ್ತೀವಲ್ಲ, ಅದೇ ಮಿದುಳಿನ ಪರೀಕ್ಷೆ ಮಾಡೋಣ. ಆಗಿನ ಅಂಕ, ಈಗಿನ ಅಂಕ ಎರಡೂ ತಾಳೆಯಾದ್ರೆ ಆಡು."

ಲೈಲ್ ಜೀವ ತೇದು ಉತ್ತರಿಸಿದ. ಹತ್ತು ಪದ ಕೇಳಿ ಹತ್ತನ್ನೂ ಒಪ್ಪಿಸಿದ. ಡಿಸೆಂಬರಿನಿಂದ ಹಿಂದಕ್ಕೆ ತಿಂಗಳುಗಳನ್ನು ಪಟಪಟ ಹೇಳಿದ. ಕಣ್ಣು ಮುಚ್ಚಿ ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತ.

ಡಾಕ್ಟರು ಹಳೆಯ ಹಾಳೆ ತೆಗೆದು ಹುಬ್ಬು ಗಂಟಿಕ್ಕಿದರು. "ಆಗಸ್ಟಲ್ಲಿ ಹತ್ತಕ್ಕೆ ಎರಡೇ ಪದ. ತಿಂಗಳು ಹೇಳುವಾಗ ನೀನು ಜುಲೈನೇ ಮರ್ತಿದ್ದೆ. ನಿಲ್ಲೋಕೆ ಹೋಗಿ ಬಿದ್ದಿದ್ದೆ."

ಲೈಲನಿಗೆ ಆಗ ಆಗಸ್ಟಿನ ಗುಟ್ಟು ನೆನಪಾಯಿತು. ಪ್ರತಿ ಆಗಸ್ಟಿನಲ್ಲೂ ಆ ತಂಡದಲ್ಲೊಂದು ಕಿವಿಮಾತು ಓಡಾಡುತ್ತಿತ್ತು: "ಬೇಕಂತಲೇ ಪೆದ್ದರಾಗ್ರೋ. ಮುಂದೆ ತಲೆಗೆ ಪೆಟ್ಟು ಬಿದ್ರೂ ಅಂಕ ಇಳಿಯಲ್ಲ, ಆಟ ತಪ್ಪಲ್ಲ." ಇಡೀ ತಂಡ ಶ್ರದ್ಧೆಯಿಂದ ಪೆದ್ದಾಗಿತ್ತು. ಈಗ ನಿಜ ಹೇಳಿದರೆ ಆಡಲು ಒಬ್ಬನೂ ಉಳಿಯುವುದಿಲ್ಲ. ವಿಟ್ಲೋ ತನ್ನ ಷೂ ನೋಡುತ್ತ ನಿಂತಿದ್ದ. ಲೈಲ್ ಬಾಯಿ ಬಿಡಲಿಲ್ಲ.

"ಪೆಟ್ಟು ತಿಂದು ಚುರುಕಾದ ತಲೆ ನಾನು ನೋಡೇ ಇಲ್ಲ. ಆದ್ರೂ ತಾಳೆಯಾಗ್ಲಿಲ್ಲ, ಕೂತ್ಕೋ," ಎಂದರು ಡಾಕ್ಟರು.

ತಂಡ ಗೆದ್ದಿತು. ಆಡಲಿಲ್ಲವೆಂದು ಸಂಕಟವಾದರೂ ಗೆಳೆಯರನ್ನು ಉಳಿಸಿದೆನೆಂಬ ಹೆಮ್ಮೆಯಿಂದ ಲೈಲ್ ತಾಯಿ ತಂದುಕೊಟ್ಟ ಹಾಟ್‌ಡಾಗ್ ಜಗಿಯುತ್ತಿದ್ದ. ಕೋಚ್ ಬಂದು ಪಕ್ಕದಲ್ಲಿ ಕುಸಿದು ಕೂತರು.

"ಇವತ್ತು ಹತ್ತಕ್ಕೆ ಹತ್ತೂ ಒಪ್ಪಿಸಿದ್ಯಂತೆ, ಇಷ್ಟು ಜಾಣ ಅಂತ ಮೊದಲೇ ಹೇಳಬಾರ್ದಿತ್ತೇನೋ? ನಾಲ್ಕು ವರ್ಷನೂ ಆ ಆಗಸ್ಟ್ ಪರೀಕ್ಷೇಲಿ ಎಲ್ಲರಿಗಿಂತ ಕಮ್ಮಿ ಅಂಕ ನಿಂದೇ. ಆಟದ ತಂತ್ರ ಈ ತಲೆಗೆ ಹತ್ತಲ್ಲ ಅಂತ್ಲೇ ನಿನ್ನ ಬೆಂಚಲ್ಲಿ ಕೂರಿಸಿದ್ದು."