ಕೂಗಿದರೆ ಮಿತಿ ಏರಿಸು

ಕಂಪ್ಯೂಟರ್ ಕಾಯುವ ಕೆಲಸದಲ್ಲಿರುವವರಿಗೆ ಇಂಥ ಫಜೀತಿಗಳು ವಾರಕ್ಕೊಂದಾದರೂ ಆಗುತ್ತಲೇ ಇರುತ್ತವೆ. ಸಂಡೂರು ಕಡೆಯ ಉಕ್ಕಿನ ಕಾರ್ಖಾನೆಯೊಂದರ ಸರ್ವರ್ ಕೋಣೆ ನಮ್ಮದು. ಶಾಖವೋ ಹೊಗೆಯೋ ನಾವು ಇಟ್ಟ ಮಿತಿ ದಾಟಿದರೆ ಅಲಾರಂ ಕೂಗುತ್ತದೆ, ನಮ್ಮೆಲ್ಲರ ಫೋನಿಗೂ ಮೆಸೇಜ್ ಹೋಗುತ್ತದೆ. ಈ ಕೆಲಸ ನನಗೆ ಕಲಿಸಿದ ಹಿರಿಯರು ಈಗಿಲ್ಲ. ಅವರ ಕಥೆ ಹೇಳಿ ನಗಿಸಲು ಹೋಗಿ ಎಷ್ಟೋ ಸಲ ನಾನೇ ಅತ್ತಿದ್ದೇನೆ. ಆದರೂ ಹೇಳುತ್ತೇನೆ.

೧. ಹಸಿರು ಬಣ್ಣ

ಗಣಿಯ ಕೆಂಪು ಧೂಳು ಕೂತು ನಮ್ಮ ಎ.ಸಿ.ಗೆ ಉಸಿರು ಕಟ್ಟುತ್ತಿತ್ತು. ಇಪ್ಪತ್ತೈದು ಡಿಗ್ರಿ ದಾಟಿದರೆ ಅಲಾರಂ. ಧೂಳು ತೆಗೆಸಿ ಎಂದು ಮೇಲಿನವರಿಗೆ ಬರೆದು ಬರೆದು ಸಾಕಾಗಿ, ಹಿರಿಯರು ಮಿತಿಯನ್ನೇ ಇಪ್ಪತ್ತೆಂಟಕ್ಕೆ, ಆಮೇಲೆ ಮೂವತ್ತೆರಡಕ್ಕೆ ಏರಿಸಿದರು. ಒಂದು ಮಧ್ಯಾಹ್ನ ದೊಡ್ಡ ಸಾಹೇಬರು ಬಂದು, ಬೆವರು ಒರೆಸಿಕೊಳ್ಳುತ್ತಾ, ಎಲ್ಲ ಸರಿ ಇದೆಯೇ ಎಂದು ಕೇಳಿದರು.

"ಸ್ಕ್ರೀನ್ ಎಲ್ಲಾ ಹಸಿರು ಐತ್ರಿ ಸರ್," ಎಂದರು ಹಿರಿಯರು.

ಸಾಹೇಬರು ಇನ್ನೊಮ್ಮೆ ಬೆವರು ಒರೆಸಿಕೊಂಡು, ಭೇಷ್ ಎಂದು ಹೋದರು.

೨. ಲೋಬಾನ

ಆಯುಧಪೂಜೆಯ ದಿನ ಸರ್ವರುಗಳಿಗೆ ಕುಂಕುಮ ಹಚ್ಚಿ, ಹಿರಿಯರೇ ಲೋಬಾನ ಹಾಕಿದರು. ಹೊಗೆಯ ಮಿತಿ ಏರಿಸುವುದನ್ನು ಮಾತ್ರ ಮರೆತರು. ಬೆಂಕಿ ಆರಿಸುವವರು ಪೈಪ್ ಹೊತ್ತು ಓಡಿ ಬಂದರು. ಹಿರಿಯರು ಒಂದಿಷ್ಟೂ ಗಾಬರಿಯಾಗಲಿಲ್ಲ. ಬೂಟು ಹೊರಗೆ ಬಿಡಿಸಿ, ಸಾಲಾಗಿ ಕೂರಿಸಿ, ಎಲ್ಲರಿಗೂ ಮಂಡಕ್ಕಿ ಕೊಟ್ಟು ಕಳಿಸಿದರು.

೩. ಬಿ.ಪಿ. ಮಶೀನು

ಕಾರ್ಖಾನೆಯಲ್ಲಿ ಆರೋಗ್ಯ ಶಿಬಿರ ನಡೆಯಿತು. ಹಿರಿಯರ ತೋಳಿಗೆ ಪಟ್ಟಿ ಕಟ್ಟಿದ್ದೇ ಮಶೀನು ಕೀಂಯ್ ಎಂದಿತು. ಇವತ್ತೇ ಡಾಕ್ಟರಿಗೆ ತೋರಿಸಿ ಎಂದು ನರ್ಸ್ ಹೇಳಿದರೆ ಇವರು, "ಸಿಸ್ಟರ್, ಅದರ ಲಿಮಿಟ್ ಒಂಚೂರು ಏರಿಸ್ರಿ, ಸುಮ್ಮನಾಗ್ತದ," ಎಂದರು. ಶಿಬಿರವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಎರಡು ತಿಂಗಳಿಗೆ ಅವರು ಕ್ಯಾಂಟೀನಿನಲ್ಲಿ ತಟ್ಟೆಯ ಮುಂದೆ ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ. ಅಂದೇ, ನಗುವ ಬದಲು, ಕೈ ಹಿಡಿದು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಬೇಕಿತ್ತು.

೪. ಗಾದಿಗನೂರಿನ ಫೋನು

ಹಿರಿಯರ ನಂಬರು ಅಲಾರಂ ಮೆಸೇಜ್ ಹೋಗುವ ಪಟ್ಟಿಯಲ್ಲೇ ಉಳಿದಿತ್ತು. ಫೋನು ಈಗ ಗಾದಿಗನೂರಿನಲ್ಲಿ ಅವರ ಹೆಂಡತಿಯ ಕೈಯಲ್ಲಿದೆ. ಪಾಪ, ಅವರಿಗೆ ಕಿರಿಕಿರಿಯಾಗುತ್ತಿರಬೇಕೆಂದು ಮನೆಗೇ ಹೋಗಿ, ನಂಬರು ತೆಗೆದುಬಿಡುತ್ತೇನಮ್ಮಾ ಎಂದೆ.

"ತೆಗಿಬ್ಯಾಡ ಯವ್ವಾ. ಈ ಫೋನಿಗೆ ಬರೂದು ಅದೊಂದ. ನನಗ ಇಂಗ್ಲಿಷ್ ತಿಳ್ಯಾಂಗಿಲ್ಲ, ಕನ್ನಡದಾಗ ಬರಂಗ ಮಾಡು."

ಆ ಒಂದು ನಂಬರಿಗೆ ಮಾತ್ರ ಕನ್ನಡದಲ್ಲಿ ಬರೆದಿಟ್ಟೆ: ಕೋಣೆ ಬಿಸಿಯಾಗಿದೆ, ಕೂಡಲೇ ನೋಡಿ.

ಮರುವಾರ ಅಲಾರಂ ಕೂಗಿತು. ರೂಢಿಯಂತೆ ಅದರ ಬಾಯಿ ಮುಚ್ಚಿಸಿ ನಾವು ಚಹಾಕ್ಕೆ ಕೂತೆವು. ಅಷ್ಟರಲ್ಲಿ ಹಿರಿಯರ ನಂಬರಿನಿಂದ ಫೋನು ಬಂತು. ಎತ್ತಿದೆ.

"ಕೂಡಲೇ ನೋಡಿ ಅಂತ ಬಂದೈತಲ್ಲ ಯವ್ವಾ, ಯಾರರ ಎದ್ದು ಹೋಗಿ ನೋಡಿದ್ರೇನು?"

ಯಾರೂ ನೋಡಿರಲಿಲ್ಲ. ಲೋಟ ಇಟ್ಟು ಓಡಿದೆ. ನೋಡಿದೆನಮ್ಮಾ ಎಂದು ನಾನು ಹೇಳುವ ತನಕ ಅವರು ಫೋನು ಇಡಲೇ ಇಲ್ಲ.