ಟೇಪು ಮುಗಿದರೆ ಮದುವೆ

ಆಂಬ್ರೋಸ್ ಕೆಟಲ್‌ವೆಲ್‌ನ ಮದುವೆಗೆ ಅಡ್ಡ ಬಂದದ್ದು ಅತ್ತೆಯಲ್ಲ, ಪಾದ್ರಿಯೂ ಅಲ್ಲ. ಟೇಪು ಎಂಬ ಒಂದು ಪುಟಾಣಿ ಪದ.

ಯಾರ್ಕ್ ಊರಿನ ನಿಘಂಟು ಕಚೇರಿಯಲ್ಲಿ ಅವನಿಗೆ ಕೆಲಸ. ಆರು ವಾರದಿಂದ ಆ ಪದದ ಅರ್ಥಗಳನ್ನು ಬರೆಯುತ್ತಲೇ ಇದ್ದ. ನಾಳೆ ಹನ್ನೊಂದಕ್ಕೆ ವಿಟ್ಬಿಯ ಚರ್ಚಿನಲ್ಲಿ ಮದುವೆ. ಇವತ್ತು ಸಂಜೆ ಐದೂ ಇಪ್ಪತ್ತಕ್ಕೆ ಅಲ್ಲಿಗೆ ಕಡೇ ರೈಲು. ಪ್ರಧಾನ ಸಂಪಾದಕ ಡಾಕ್ಟರ್ ಪಾರ್ಜಿಟರ್ ಮಾತ್ರ ಕಡ್ಡಿ ಮುರಿದಂತೆ ಹೇಳಿದ್ದರು: "ಟೇಪು ಮುಗಿಸು, ರಜೆ ತಗೋ."

ಮುಗಿಸುವುದೇನು ಸಾಮಾನ್ಯವೇ? ಬರೆದದ್ದಕ್ಕೆ ಎಲ್ಲರ ಸಹಿ ಬೀಳಬೇಕು. ಯಾರಾದರೂ ಹೊಸ ಅರ್ಥ ಹೇಳಿ, ಅಚ್ಚಾದ ಸಾಕ್ಷಿ ತೋರಿಸಿದರೆ ಕೆಟ್ಟಿತು. ಅದನ್ನೂ ಸೇರಿಸಿ ಮೊದಲಿನಿಂದ ಸಹಿಗೆ ಸುತ್ತಬೇಕು.

ಬೆಳಿಗ್ಗೆ ಪಕ್ಕದ ಮೇಜಿನ ಮಿಸ್ ಫ್ರಿತ್ ಕನ್ನಡಕ ಏರಿಸಿ ಓದಿದಳು. "ರಿಬ್ಬನ್ನು, ಪಟ್ಟಿ, ಲಾಡಿ, ಓಟದ ಕೊನೆಗೆ ಕಟ್ಟೋ ದಾರ... ಎಲ್ಲಾ ಸರಿ. ಆದ್ರೆ ನಮ್ಮ ಸ್ಕಾಟ್ಲೆಂಡಲ್ಲಿ ಬೆಣ್ಣೆನೂ ಟೇಪು ಮಾಡ್ತೀವಪ್ಪ. ಅಂದ್ರೆ, ಒಂಚೂರು ಒಂಚೂರೇ ಬಳಸೋದು."

"ಅಯ್ಯೋ, ಇದನ್ನ ಮೊನ್ನೆನೇ ಹೇಳ್ಬಾರ್ದಿತ್ತೇ ತಾಯಿ?"

"ಪುಸ್ತಕ ಇವತ್ತು ಸಿಕ್ತು," ಎಂದು ಅವಳು ಪುಟ ತೆರೆದೇ ಇಟ್ಟಳು.

ಅದನ್ನು ಸೇರಿಸುವಷ್ಟರಲ್ಲಿ ಊಟದ ಹೊತ್ತು ಕಳೆಯಿತು. ಆಮೇಲೆ ಕಚೇರಿಯ ಮುದುಕ ಗ್ರಿಮ್‌ಶಾ ಸಹಿ ಹಾಕಲು ಪೆನ್ನೆತ್ತಿ, ಕೆಳಗಿಟ್ಟ. "ಹಿಂದಿನ ಕಾಲದ ಕುಡುಕರು ಜಿನ್‌ಗೂ ಟೇಪು ಅಂತಿದ್ರು ಕಣಯ್ಯಾ. ಬೇಕಾದ್ರೆ ತೋರಿಸ್ತೀನಿ."

"ಜಿನ್ನೇ ತೋರಿಸ್ಬಿಡಿ ಸರ್, ಕುಡಿದು ಸಾಯ್ತೀನಿ!"

ಆದರೂ ಬರೆದ. ಬೆರಳೆಲ್ಲ ಶಾಯಿ, ತಲೆಯೆಲ್ಲ ಬಿಸಿ. ನಾಲ್ಕೂ ಕಾಲಿಗೆ ಕೊನೆಯ ಸಹಿ ಬಿದ್ದಾಗ ಅವನಿಗೆ ಹೋದ ಜೀವ ಬಂದಂತಾಯಿತು.

ಆಗಲೇ ಮದುವಣಗಿತ್ತಿ ರೋವೀನಾ ಪೆಟ್ಟಿಗೆ ಹಿಡಿದು ಒಳಗೆ ಬಂದಳು. ಊರಿನಲ್ಲಿ ಅವಳು ಬಾಡಿಗೆಗೆ ಹಿಡಿದ ಸೂಜಿ-ದಾರದ ಅಂಗಡಿಯೊಂದಿತ್ತು. ಮಾಲೀಕ ಬಿಡಿಸಿಕೊಂಡಿದ್ದರಿಂದ ಇವತ್ತೇ ಅದಕ್ಕೆ ಬೀಗ ಹಾಕಿ ಬಂದಿದ್ದಳು. ಅವಳು ಹಾಳೆಯನ್ನು ನೋಡಿ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ಅಲ್ಲಾ ಆಂಬ್ರೋಸ್, ಹೆಸರಿನ ಟೇಪೇ ಬಿಟ್ಟಿದೀಯಲ್ಲೋ! ಶಾಲೆ ಮಕ್ಕಳ ಕಾಲುಚೀಲಕ್ಕೆ ಹೆಸರು ನೇಯ್ದು ಹೊಲೀತೀವಲ್ಲ, ಅದು!"

ಆಂಬ್ರೋಸ್ ಕಣ್ಣು ಮಿಟುಕಿಸಿದ, ಕೆಮ್ಮಿದ, ಅವಳ ಕಾಲನ್ನೂ ತುಳಿದ. ಏನು ಪ್ರಯೋಜನ? ಬಾಗಿಲಲ್ಲಿ ಡಾಕ್ಟರ್ ಪಾರ್ಜಿಟರ್ ನಿಂತಿದ್ದರು.

"ಸಾಕ್ಷಿ ಇದೆಯೇನಮ್ಮ?"

"ಓಹೋ, ಇಲ್ದೆ ಏನು ಸರ್!" ಅವಳು ಚೀಲದಿಂದ ಶಾಲೆಯೊಂದರ ಮಕ್ಕಳಿಗೆ ಬೇಕಾದ ಬಟ್ಟೆಗಳ ಅಚ್ಚಾದ ಯಾದಿ ತೆಗೆದಳು. ಅದರಲ್ಲಿ ಹೆಸರಿನ ಟೇಪು ಎಂದೇ ಇತ್ತು. ಆಂಬ್ರೋಸ್ ಕುರ್ಚಿಯಲ್ಲಿ ಕುಸಿದ.

"ಯಾಕೋ ಮುಖ ಹಿಂಡ್ತೀಯ? ಪೆನ್ನು ಕೊಡಿಲ್ಲಿ," ಎಂದು ರೋವೀನಾ ಕೋಟು ಕಳಚಿ ಕೂತು, ಹತ್ತೇ ನಿಮಿಷದಲ್ಲಿ ಮೂರು ಸಾಲು ಬರೆದಳು. ತಾನೇ ಮೇಜಿನಿಂದ ಮೇಜಿಗೆ ಹೋಗಿ, ಯಾರಿಗೂ ಬಾಯಿ ತೆರೆಯಲು ಬಿಡದೆ ಸಹಿಗಳನ್ನೂ ಹಾಕಿಸಿಕೊಂಡು ಬಂದಳು.

ಡಾಕ್ಟರ್ ಬೆರಗಾದರು. "ಆರು ವಾರದಲ್ಲಿ ಇವರೆಲ್ಲ ಸೇರಿ ಕಾಣದ್ದು ನಿನಗೆ ಕಂಡಿತಲ್ಲಮ್ಮ! ನಮ್ಮಲ್ಲಿ ಒಂದು ಮೇಜು ಖಾಲಿಯಿದೆ. ಈಗಲೇ ಕೆಲಸಕ್ಕೆ ಸೇರ್ಕೋತೀಯಾ?"

ರೋವೀನಾ ಮುಖ ಅರಳಿತು. "ಯಾಕಿಲ್ಲ ಸರ್!" ಎಂದು ಅಲ್ಲೇ ಹಾಜರಿ ಪುಸ್ತಕಕ್ಕೆ ರುಜು ಹಾಕಿದಳು. ಆಂಬ್ರೋಸ್‌ಗೂ ಖುಷಿಯೋ ಖುಷಿ. ಮನೆಯಲ್ಲೂ ಒಟ್ಟಿಗೆ, ಕಚೇರಿಯಲ್ಲೂ ಒಟ್ಟಿಗೆ, ಇನ್ನೇನು ಬೇಕು? ಗಡಿಯಾರ ಐದು ಹೊಡೆಯಿತು. ಅವನು ರಜೆ ಚೀಟಿ ಮುಂದಿಟ್ಟ.

ಡಾಕ್ಟರ್ ಪಾರ್ಜಿಟರ್ ಚೀಟಿ ನೋಡಿದರು, ಅವನನ್ನು ನೋಡಿದರು, ಅವಳನ್ನೂ ನೋಡಿದರು.

"ಒಂದೇ ದಿನ ಇಬ್ಬಿಬ್ಬರಿಗೆ ರಜೆ ಕೊಡೋ ಪದ್ಧತಿ ನಮ್ಮಲ್ಲಿಲ್ಲ ಕಣಯ್ಯಾ. ಮೊದಲು ಒಬ್ಬರು ಹೋಗಿ ಮದುವೆ ಮುಗಿಸ್ಕೊಂಡು ಬನ್ನಿ. ಆಮೇಲೆ ಇನ್ನೊಬ್ಬರು ಹೋಗಿ."