ಕೌದಿ ಕಟ್ಟಿಕೊಂಡು ಬಂದ ದೋಣಿ

ಲವೀನಾ: ಮೊದಲು ಆ ಹಾಯಿ ಎಲ್ಲಿಂದ ಬಂತು ಅಂತ ಹೇಳಿ. ದಡ ಹತ್ತೋ ವಿಚಾರ ಆಮೇಲೆ.

ಎಲ್ಮರ್: ಹಾಯಿ ಕಟ್ಕೊಂಡು ನಿಮಗೇನಾಗ್ಬೇಕು? ನಾನು ಕೇಳಿದ್ದು ಅಪ್ಪಣೆ!

ಎಲ್ಮರ್ ದೇವದಾರು ದೋಣಿಯ ಹಿಂಬದಿಯಲ್ಲಿ ನಿಂತಿದ್ದ. ದಡ ಮೂವತ್ತು ಹೆಜ್ಜೆ ದೂರ. ಶಾಂತಿಯಿಂದ ಬಂದಿದ್ದೇವೆ ಎನ್ನಲು ಅವನ ಕಡೆಯ ಏಳು ಜನ ಹುಟ್ಟುಗಳನ್ನು ನೆಟ್ಟಗೆ ಎತ್ತಿ ಹಿಡಿದಿದ್ದರು. ಬೆಳಗಿನಿಂದ ಹುಟ್ಟು ಹಾಕಿ ಅವರ ರಟ್ಟೆ ಬಿದ್ದುಹೋಗಿತ್ತು. ದಡದಲ್ಲಿ ಸುಡುತ್ತಿದ್ದ ಸಾಲ್ಮನ್ ಮೀನಿನ ಹೊಗೆ ನೇರ ಮೂಗಿಗೇ ಬರುತ್ತಿತ್ತು. ಆದರೆ ಅಮೆರಿಕ-ಕೆನಡಾ ಗಡಿಯ ಸೇಲಿಶ್ ಸಮುದ್ರದ ಮೂಲನಿವಾಸಿಗಳ ದೋಣಿ ಯಾತ್ರೆಯಲ್ಲಿ ಎಂಥ ನೆಂಟನಾದರೂ ನೀರಲ್ಲೇ ನಿಂತು ಹೆಸರು ಹೇಳಿ ಅಪ್ಪಣೆ ಕೇಳಬೇಕು. ದಡದವರು ಬನ್ನಿ ಅನ್ನುವವರೆಗೆ ನೆಲಕ್ಕೆ ಕಾಲಿಡುವಂತಿಲ್ಲ. ಈ ಸಲ ದಡದ ಹಿರಿಯನಿಗೆ ಕೆಮ್ಮಿ ಕೆಮ್ಮಿ ಗಂಟಲು ಕಟ್ಟಿತ್ತು. ಅವನು ಮೈಕನ್ನು ಸೋದರ ಸೊಸೆಯ ಕೈಗೆ ಕೊಟ್ಟು ಕುರ್ಚಿಯಲ್ಲಿ ಕೂತುಬಿಟ್ಟಿದ್ದ. ಆ ಸೊಸೆಯೇ ಲವೀನಾ, ಎಲ್ಮರನ ಹೆಂಡತಿ. ಅಡುಗೆಗೆಂದು ನಾಲ್ಕು ದಿನ ಮೊದಲೇ ಕಾರಿನಲ್ಲಿ ತವರಿಗೆ ಬಂದಿದ್ದಳು.

ಎಲ್ಮರ್: (ಗಂಟಲು ಸರಿಮಾಡಿಕೊಂಡು) ನಾನು ಎಲ್ಮರ್, ಬಾತುಕೊಲ್ಲಿಯವನು. ಶಾಂತಿಯಿಂದ ಬಂದಿದ್ದೀವಿ. ದಣಿದಿದ್ದೀವಿ, ಹಸಿದಿದ್ದೀವಿ. ನಿಮ್ಮ ದಡ ಹತ್ತೋಕೆ ಅಪ್ಪಣೆ ಕೊಡಿ.

ಲವೀನಾ: ತಾವು ಯಾರು ಅಂತ ನನಗೆ ಚೆನ್ನಾಗೇ ಗೊತ್ತು. ಹಾಯಿ ಯಾರದು?

ಎಲ್ಮರ್: ಪರ್ಸಿದು.

ಪರ್ಸಿ: (ದೋಣಿಯ ಮುಂಬದಿಯಿಂದ) ನನ್ನ ಯಾಕಪ್ಪಾ ಎಳೀತೀಯ?

ಎಲ್ಮರ್: ಅಂದ್ರೆ, ಪರ್ಸಿ ಅಜ್ಜಿದು. ಹಳೇದು.

ಲವೀನಾ: ಆ ಮಹಾತಾಯಿಗೆ ಸೂಜಿಗೆ ದಾರ ಪೋಣಿಸೋಕೂ ಬರ್ತಿರಲಿಲ್ಲ.

ಪರ್ಸಿ: ಅದು ಮಾತ್ರ ನಿಜ.

ಲವೀನಾ: ಮೇಲುಗಡೆ ಮೂಲೇಲಿ ಕೆಂಪು ಚೌಕ ಇದೆಯಲ್ಲ, ಅದು ಯಾವ ಬಟ್ಟೆ?

ಎಲ್ಮರ್: ಕೆಂಪು ಬಟ್ಟೆ.

ಲವೀನಾ: ಅದು ತಮ್ಮ ಮದುವೆ ಅಂಗಿ. ಹೊಟ್ಟೆ ಹಿಡಿಸ್ತಿಲ್ಲ ಅಂತ ತಾವೇ ಹರಿಯೋಕೆ ಕೊಟ್ಟಿದ್ದು.

ದಡದ ಮೇಲಿದ್ದ ನಾನೂರು ಜನ ಗೊಳ್ಳೆಂದು ನಕ್ಕರು. ಎಲ್ಮರ್ ತಲೆಯೆತ್ತಿ ನೋಡಿದ. ಅವನದೇ ಅಂಗಿ. ಹೊರಡುವ ಮುಂಜಾನೆ ಹಳೆಯ ಹಾಯಿ ಬಿಚ್ಚಿದರೆ ಒಳಗೆ ಇಲಿ ಸಂಸಾರ ಹೂಡಿತ್ತು. ಕೈಗೆ ಸಿಕ್ಕಿದ್ದು ಲವೀನಾ ಎರಡು ಚಳಿಗಾಲ ಕೂತು ಹೊಲಿದ ಕೌದಿ. ಅವಳನ್ನು ಸಾಕಿದ ಅರ್ನೆಸ್ಟೀನ್ ದೊಡ್ಡಮ್ಮನಿಗೆ ಇವತ್ತು ಊಟವಾದ ಮೇಲೆ ಎಲ್ಲರೆದುರು ಕೊಡಬೇಕಾದ ಉಡುಗೊರೆ. ತೊಂಬತ್ತರ ದೊಡ್ಡಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದಳು.

ಎಲ್ಮರ್: ಕೌದಿ ತಗೊಂಡು ಬಾ ಅಂದೋಳು ಯಾರು? ನೀನೇ ತಾನೆ? ತಂದಿದೀನಲ್ಲ!

ಲವೀನಾ: ಒದ್ದೆಯಾಗದ ಹಾಗೆ ತಾ ಅಂದಿದ್ದೆ!

ಎಲ್ಮರ್: ದೋಣೀಲಿ ಎಲ್ಲಕ್ಕಿಂತ ಮೇಲಿರೋದು ಹಾಯಿ. ಅದಕ್ಕಿಂತ ಒಣಗಿರೋ ಜಾಗ ಇನ್ನೆಲ್ಲಿದೆ, ನೀನೇ ಹೇಳು.

ಲವೀನಾ: ಸರಿ. ಮೂಲೆಗೆ ತೂತು ಮಾಡಿದ್ದು ಯಾರು?

ಎಲ್ಮರ್: ಗಾಳಿ.

ಲವೀನಾ: ನಾಲ್ಕೂ ಮೂಲೆಗೆ? ಹಗ್ಗ ತೂರೋ ಅಳತೆಗೆ?

ಎಲ್ಮರ್: ನಮ್ಮ ಕಡೆ ಗಾಳಿ ಜೋರು.

ಲವೀನಾ: ನಾನು ಮಾಡ್ದೆ, ತಪ್ಪಾಯ್ತು ಅನ್ನು. ಈಗಲೇ ಬನ್ನಿ ಅಂತೀನಿ. ಎರಡು ಮಾತು ಅಷ್ಟೇ.

ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಎಲ್ಮರನ ಬಾಯಿಂದ ಆ ಎರಡು ಮಾತು ಬಂದದ್ದಿಲ್ಲ. ಅದೂ ತನ್ನ ದೋಣಿಯವರ ಎದುರು, ಹೆಂಡತಿಯ ತವರಿನವರ ಎದುರು! ಅವನು ಮತ್ತೆ ಮತ್ತೆ ಗಾಳಿಯನ್ನೇ ದೂರಿದ. ಇವಳೂ ಮೈಕು ಬಿಡಲಿಲ್ಲ. ವಾದದಲ್ಲೇ ಒಂದು ಗಂಟೆ ಕಳೆಯಿತು.

ಪರ್ಸಿ: ಎಲ್ಮರ್...

ಎಲ್ಮರ್: ಸುಮ್ನಿರೋ. ಮರ್ಯಾದೆ ಪ್ರಶ್ನೆ.

ಪರ್ಸಿ: ಇರಲಿ ಮಾರಾಯಾ, ದೋಣಿ ಅಲ್ಲಾಡ್ತಿಲ್ಲ.

ಎಲ್ಮರ್ ಬಗ್ಗಿ ನೋಡಿದ. ಗಂಡ ಹೆಂಡಿರ ಜಗಳ ನೋಡುತ್ತಾ ಸಮುದ್ರದ ಇಳಿತವನ್ನು ಯಾರೂ ಗಮನಿಸಿರಲಿಲ್ಲ. ದೋಣಿ ಕೆಸರಿನ ಮೇಲೆ ಹಾಯಾಗಿ ಕೂತಿತ್ತು. ನೀರು ಹಿಂದೆ ಎಂಬತ್ತು ಹೆಜ್ಜೆ ದೂರ ಹೋಗಿತ್ತು. ಎಲ್ಮರನ ಮುಖ ಅರಳಿತು.

ಎಲ್ಮರ್: ನೋಡಿದ್ಯಾ! ನೆಲ ತಾನಾಗೇ ನಮ್ಮ ಹತ್ರ ಬಂತು. ಇನ್ನು ಯಾರ ಅಪ್ಪಣೆ ಬೇಕು? ಇಳೀರೋ!

ಲವೀನಾ ಸೋದರಮಾವನ ಕಡೆ ನೋಡಿದಳು. ಗಂಟಲು ಕಟ್ಟಿದ ಹಿರಿಯ ಇಲ್ಲವೆಂದು ತಲೆಯಾಡಿಸಿ, ಸಮುದ್ರದ ಕಡೆ ಬೆರಳು ತೋರಿಸಿದ.

ಲವೀನಾ: ಹೇಳದೆ ಕೇಳದೆ ನಮ್ಮ ನೆಲ ಮುಟ್ಟಿದ್ದೀರಿ. ನೀರಿಗೆ ಹೋಗಿ, ಮತ್ತೆ ಮೊದಲಿಂದ ಕೇಳಿ.

ಪರ್ಸಿ: ದೋಣಿ?

ಲವೀನಾ: ದೋಣಿ ಬಿಟ್ಟು ಅಪ್ಪಣೆ ಕೇಳಿದೋರನ್ನ ನಾನಂತೂ ಕಂಡಿಲ್ಲ.

ಎಂಟು ಜನ ಮೊಣಕಾಲುದ್ದ ಕೆಸರಿಗಿಳಿದು ದೋಣಿಗೆ ಹೆಗಲು ಕೊಟ್ಟರು. ಒಂದೇ ಮರ ಕೊರೆದು ಮಾಡಿದ ದೋಣಿ, ಸಣ್ಣ ಕಾರಿನಷ್ಟು ಭಾರ.

ಪರ್ಸಿ: (ಏದುಸಿರು ಬಿಡುತ್ತಾ) ಎರಡು ಮಾತು, ಎಲ್ಮರ್. ಎರಡೇ ಎರಡು. ಅದನ್ನ ಹೇಳೋಕಾಗದೆ ಏಳು ಜನರ ಸೊಂಟ ಮುರೀತಿದೀಯ.

ಎಲ್ಮರ್: ನಂದೂ ಸೊಂಟಾನೇ ಕಣೋ!

ಪರ್ಸಿ: ಈ ಸಲ ಹೇಳದೇ ಇದ್ರೆ ನಿನ್ನ ಬಿಟ್ಟು ನಾವೇ ಅಪ್ಪಣೆ ಕೇಳ್ತೀವಿ.

ನೀರಿನ ಅಂಚಿಗೆ ಬಂದು ಎಲ್ಮರ್ ದಡದ ಕಡೆ ತಿರುಗಿದ. ಅಷ್ಟು ದೂರದಿಂದಲೂ ಅವನಿಗೆ ಲವೀನಾ ಬರಿಗೈಯಲ್ಲೇ ಕಣ್ಣು ಒರೆಸಿಕೊಂಡದ್ದು ಕಾಣಿಸಿತು. ಎರಡು ಚಳಿಗಾಲ ದೀಪದ ಪಕ್ಕ ಬಗ್ಗಿ ಹೊಲಿಯುತ್ತಿದ್ದ ಅವಳ ಬೆನ್ನು ನೆನಪಾಗಿ ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಎಲ್ಮರ್: (ಕೂಗಿ) ನಾನು ಎಲ್ಮರ್, ಬಾತುಕೊಲ್ಲಿಯವನು! ದಣಿದಿದ್ದೀವಿ, ಹಸಿದಿದ್ದೀವಿ, ಕೆಸರಾಗಿದ್ದೀವಿ! ಕೌದಿ ಲವೀನಾದು! ತೂತು ಮಾಡಿದ್ದು ಗಾಳಿಯಲ್ಲ, ನಾನು! ಮೀನು ಕೊಯ್ಯೋ ಚಾಕೂಲಿ! ತಪ್ಪು ನಂದೇ! ಈಗಲಾದ್ರೂ ಬರಬಹುದಾ?

ಲವೀನಾ: ಬನ್ನಿ. ಊಟ ಆರೋಗ್ತಿದೆ. ಶಾಂತಿಯ ಗುರುತಿಗೆ ದೋಣಿ ಹಿಂಬದಿ ಮುಂದಾಗಿ ಬರಲಿ, ಪದ್ಧತಿ ಪ್ರಕಾರ.

ಪರ್ಸಿ: ಹೊತ್ಕೊಂಡು ಬರೋವಾಗಲೂನಾ?

ಲವೀನಾ: ಹೊತ್ಕೊಂಡು ಬಂದ್ರೆ ಪದ್ಧತಿ ಬದಲಾಗುತ್ತಾ?

ಊಟವಾದ ಮೇಲೆ ಎಲ್ಮರ್ ದಾರಿಯುದ್ದಕ್ಕೂ ಅಲೆಯ ಎರಚಲಿಗೆ ನೆನೆದು ಇನ್ನೂ ಉಪ್ಪು ನೀರು ತೊಟ್ಟಿಕ್ಕುತ್ತಿದ್ದ ಕೌದಿಯನ್ನು ತಂದು ದೊಡ್ಡಮ್ಮನ ಮುಂದೆ ಹಿಡಿದ. ಲವೀನಾ ತಲೆ ತಗ್ಗಿಸಿದಳು.

ಲವೀನಾ: ದೊಡ್ಡಮ್ಮಾ, ಇದನ್ನ ಹೀಗೆ ಕೊಡೋಕೆ ಮನಸ್ಸೇ ಬರ್ತಿಲ್ಲ. ಒಗೆದು, ತೂತಿಗೆಲ್ಲ ತೇಪೆ ಹಾಕಿ ಕೊಡ್ತೀನಿ.

ದೊಡ್ಡಮ್ಮ ಒಂದು ತೂತಿನೊಳಗೆ ಬೆರಳು ತೂರಿಸಿ ನೋಡಿದಳು.

ಅರ್ನೆಸ್ಟೀನ್: ಒಗೆಯೋದು ಅವನು ಒಗೀಲಿ. ತೂತು ಮಾತ್ರ ಮುಚ್ಚಬೇಡ ಕಣೇ. ಗಂಡಸೊಬ್ಬ ತಪ್ಪು ನಂದೇ ಅಂದ ಅಂದ್ರೆ ನಾಳೆ ಯಾರೂ ನಂಬಲ್ಲ. ಸಾಕ್ಷಿ ಇರಲಿ.